ಸಿದ್ರಾಮಪ್ಪನ ಬೆನ್ನ ಮೇಲಿನ ಬಾವು

ನವಲಗುಂದದಿಂದ ಪುಣೆಗೆ ಬಂದು ಬಟ್ಟೆಯಂಗಡಿಯಲ್ಲಿ ಗುಮಾಸ್ತನಾಗಿದ್ದ ಸಿದ್ರಾಮಪ್ಪನಿಗೆ ತನ್ನ ಮರಾಠಿಯ ಬಗ್ಗೆ ಎಷ್ಟು ಜಂಬವೋ, ಡಾಕ್ಟರ ಚಾಕುವಿನ ಬಗ್ಗೆ ಅಷ್ಟೇ ಅಂಜಿಕೆ. ಬೆನ್ನ ಮೇಲೆ ಲಿಂಬೆಹಣ್ಣಿನಷ್ಟು ಬಾವು ಎದ್ದರೂ ಪುಣ್ಯಾತ್ಮ, ಹೆಂಡತಿ ಶಿವಬಸವ್ವ ಕಟ್ಟುತ್ತಿದ್ದ ಅಗಸಿ ಹಿಟ್ಟಿನ ಬಿಸಿ ಪಟ್ಟಿಯನ್ನೇ ನಂಬಿ ಬೋರಲು ಮಲಗಿದ್ದ. ಜ್ವರದಲ್ಲಿ ಬಡಬಡಿಸತೊಡಗಿದ ಮೇಲೆ ಅವಳು ಟಾಂಗಾ ಕರೆಸಿ ಡಾಕ್ಟರ್ ಮಾರ್ತಾಂಡರಾಯರ ದವಾಖಾನೆಗೆ ಎಳೆದುಕೊಂಡೇ ಹೋದಳು. ಅವಳಿಗೆ ಮರಾಠಿಯ ಗಂಧಗಾಳಿಯಿಲ್ಲ, ಮಾತೆಲ್ಲ ಅವನದೇ.

"ಮಾಝ್ಯಾ ಪಾಠೀವರ ಬಾವೂ ಝಾಲಾ," ಎಂದ ಗತ್ತಿನಿಂದ, ಬೆನ್ನ ಮೇಲೆ ಬಾವು ಆಗಿದೆ ಎನ್ನಲು.

ಬಾವು ಮಾತ್ರ ಕನ್ನಡದ್ದು, ಉಳಿದದ್ದು ಮರಾಠಿ. ಡಾಕ್ಟರ ಕಿವಿಗೆ ಅದು ಭಾಊ, ಅಂದರೆ ಅಣ್ಣತಮ್ಮ, ಎಂದು ಕೇಳಿಸಿತು. ಬೆನ್ನ ಮೇಲೆ ಆದವನೆಂದರೆ ಮರಾಠಿಯಲ್ಲಿ ತನ್ನ ನಂತರ ಹುಟ್ಟಿದ ತಮ್ಮ. ಹಾಗಾದರೆ ಇವನಿಗೆ ಈಗ ತಮ್ಮ ಹುಟ್ಟಿದ್ದಾನೆ! ಅವರು ಸಿದ್ರಾಮಪ್ಪನ ನರೆತ ಮೀಸೆ ನೋಡಿ, ತಾಯಿಗೆ ವಯಸ್ಸೆಷ್ಟು ಎಂದರು. ಎಪ್ಪತ್ತು ದಾಟಿದೆ, ಊರಲ್ಲಿ ಗಟ್ಟಿಮುಟ್ಟಾಗಿದ್ದಾಳೆ ಎಂದ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆ ತಮ್ಮ ಈಗ ಹೇಗಿದ್ದಾನೆ ಎಂಬರ್ಥದಲ್ಲಿ ಅವರು ಕೇಳಿದರೆ, ಸಿದ್ರಾಮಪ್ಪ ಬಾವಿನ ಮಾತೆಂದುಕೊಂಡು, ದಿನಾ ದೊಡ್ಡದಾಗುತ್ತಿದೆ, ಒಡೆಯುತ್ತಲೇ ಇಲ್ಲ ಎಂದ. ಡಾಕ್ಟರು ಗಾಬರಿಯಾಗಿ ಎದ್ದು ನಿಂತರು.

ತಾಳ್ಮೆಗೆಟ್ಟ ಶಿವಬಸವ್ವ ಗಂಡನ ಅಂಗಿ ಮೇಲೆತ್ತಿದಳು. ಡಾಕ್ಟರು ಬಿದ್ದು ಬಿದ್ದು ನಕ್ಕರು. ಬಾವನ್ನು ಮುಟ್ಟಿ ನೋಡಿದ ಮೇಲೆ ನಗು ನಿಲ್ಲಿಸಿದರು. ಒಳಗೆ ಕೀವು ತುಂಬಿದೆ, ಇನ್ನು ಪಟ್ಟಿಯಿಂದ ಆಗುವುದಿಲ್ಲ, ಹಿಚುಕಲಂತೂ ಬಾರದು. ಕೊಯ್ದು, ಕೀವು ಹರಿಬಿಟ್ಟು, ಗಾಯದೊಳಗೆ ಬಟ್ಟೆಯ ಬತ್ತಿ ಇಡಬೇಕು. ತಡಮಾಡಿದರೆ ನಂಜು ರಕ್ತಕ್ಕೇರಿ ಜೀವಕ್ಕೇ ಕುತ್ತು ಬರುತ್ತದೆ. ಇದನ್ನೆಲ್ಲ ಅವರು ಹೇಳಿದ್ದು ಮರಾಠಿಯಲ್ಲಿ.

ಏನಂದರು ಎಂದು ಹೆಂಡತಿ ಕೇಳಿದಳು.

"ಮುಲಾಮು ಹಚ್ಚಿದ್ರ ಸಾಕಂತ. ನಡಿ ಮನಿಗೆ."

ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವೆಂದರೆ ಯಾರು ನಂಬುತ್ತಾರೆ? ಅತ್ತ ಡಾಕ್ಟರು ಆಗಲೇ ಚಾಕು ಕುದಿಸಲು ನೀರಿಟ್ಟಿದ್ದರು. ಅದನ್ನು ಕಂಡ ಶಿವಬಸವ್ವ ಬಾಗಿಲಿಗೆ ಅಡ್ಡ ನಿಂತಳು.

"ಈ ಊರಾಗ ನನ್ನ ಮಾತು ತಿಳಿಯವ್ರು ನೀವೊಬ್ರ. ನೀವ ಹೋದ್ರ ನಾ ಯಾರ ಮುಂದ ಅಳಲ್ರಿ?"

ಸಿದ್ರಾಮಪ್ಪನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಅಕ್ಕರೆ ಉಕ್ಕಿತು. ಹೋಗಿ ಮೇಜಿನ ಮೇಲೆ ಬೋರಲು ಮಲಗಿದ. ನಾಲ್ಕು ಜನರೆದುರು ಎಂದೂ ಹೆಂಡತಿಯ ಹೆಸರು ಹಿಡಿಯದಿದ್ದವನು, ಚಾಕು ತಾಗಿದಾಗ ಓಣಿಗೆಲ್ಲ ಕೇಳುವಂತೆ "ಶಿವಬಸವ್ವಾ" ಎಂದು ಕೂಗಿದ. ಅವಳು ಅವನ ಕೈ ಹಿಡಿದುಕೊಂಡಳು.