ಸ್ಟಾಪ್‌ವಾಚಿನ ಅನುಮಾನ

ನಾನು ಕೀಲಿ ಕೊಟ್ಟರೆ ಓಡುವ ಹಳೆಯ ಸ್ಟಾಪ್‌ವಾಚು. ಹುಟ್ಟಿದ್ದು ಕಾರ್ಖಾನೆಯಲ್ಲಿ, ಬುದ್ಧಿ ಬಂದದ್ದು ಧಾರವಾಡದ ಒಂದು ಶಾಲೆಯ ಮೈದಾನದಲ್ಲಿ. ಅಲ್ಲಿನ ಡ್ರಿಲ್ ಮಾಸ್ತರರು ತಮ್ಮ ಶಾಲೆಯ ಓಟಗಾರರು ಗೆರೆ ಮುಟ್ಟುವ ಮೊದಲೇ ನನ್ನ ನೆತ್ತಿ ಒತ್ತಿಬಿಡುತ್ತಿದ್ದರು. ಗಡಿಯಾರವೇ ಸರಿಯಿಲ್ಲ ಎಂದು ಬೈಸಿಕೊಂಡದ್ದು ಮಾತ್ರ ನಾನು! ಅಂದಿನಿಂದ ಯಾರ ಬೆರಳನ್ನೂ ನಾನು ನಂಬುವುದಿಲ್ಲ, ಬಿಡಿ.

ಮಾಸ್ತರರು ನಿವೃತ್ತರಾದ ಮೇಲೆ ಔಷಧ ಕಾಲೇಜಿನ ಪ್ರಯೋಗಶಾಲೆ ಸೇರಿದೆ. ಅಲ್ಲಿ ನೀಲಾಂಬಿಕಾ ಎಂಬ ಸಂಶೋಧಕಿ, ಮಿದುಳು ಸವೆದು ಮರೆವು ಹಿಡಿದ ಇಲಿಗಳಿಗೆ ಒಂದೆಲಗದ ರಸ ಕುಡಿಸಿ ನೀರಿನ ತೊಟ್ಟಿಗೆ ಬಿಡುತ್ತಿದ್ದಳು. ನೀರಿನಡಿ ಅಡಗಿಸಿಟ್ಟ ಪುಟ್ಟ ಕಟ್ಟೆಯ ಜಾಗವನ್ನು ಇಲಿ ಎಷ್ಟು ಬೇಗ ನೆನಪಿಸಿಕೊಂಡು ಹತ್ತುತ್ತದೆ ಎಂದು ನಾನು ಅಳೆಯಬೇಕು. ರಸ ಕುಡಿದವುಗಳ ಪಂಜರಕ್ಕೆ ಕೆಂಪು ಚೀಟಿ, ಬರೀ ನೀರು ಕುಡಿದವುಗಳಿಗೆ ನೀಲಿ. ಅವಳ ಅಪ್ಪನಿಗೂ ಮರೆವಿನ ರೋಗ. ರಸ ಗೆದ್ದರೆ ಅಪ್ಪ ತನಗೆ ಉಳಿದಾರು ಎಂಬ ಆಸೆ ಅವಳಿಗೆ.

ದಿನವೂ ಕೆಂಪು ಚೀಟಿಯ ಇಲಿಗಳೇ ಗೆಲ್ಲುತ್ತಿದ್ದವು. ನನಗೆ ಅನುಮಾನ ಪಂಜರ ತೊಳೆಯುವ ದಾವಲಸಾಬನ ಮೇಲೆ. ಇಲಿಗಳ ಹತ್ತಿರ ಏನೋ ಪಿಸುಗುಟ್ಟುತ್ತಿದ್ದ, ಕದ್ದು ಕಡಲೆ ಹಾಕುತ್ತಿದ್ದ. ಇವನದೇ ಏನೋ ಕಿತಾಪತಿ ಎಂದುಕೊಂಡೆ.

ಒಂದು ಬೆಳಿಗ್ಗೆ ಅವನೇ ಬಂದು ಕೈಮುಗಿದ. "ಅಕ್ಕಾರ, ತಪ್ಪಾತ್ರಿ. ನಿನ್ನೆ ಮುಂಜಾನೆ ಪಂಜರ ತೊಳದು ಚೀಟಿ ಅದಲುಬದಲು ಹಚ್ಚೇನ್ರಿ."

ನೀಲಾಂಬಿಕಾ ದಾಖಲೆ ಪುಸ್ತಕ ತೆರೆದಳು. ನಿನ್ನೆಯೂ ಕೆಂಪು ಚೀಟಿಯೇ ಗೆದ್ದಿತ್ತು. ಅಂದರೆ ಗೆದ್ದದ್ದು ಇಷ್ಟು ದಿನ ಬರೀ ನೀರು ಕುಡಿದ ಇಲಿಗಳು!

"ದಾವಲಣ್ಣಾ, ತಪ್ಪು ನಿಂದಲ್ಲ. ಕೆಂಪು ಕಂಡಕೂಡ್ಲೆ ನನ್ನ ಬೆರಳ ಅವಸರ ಮಾಡೇತಿ," ಎಂದಳು.

ಅಯ್ಯೋ, ಅವಳ ಅಂಗೈಯಲ್ಲೇ ಇದ್ದ ನನಗೂ ಗೊತ್ತಾಗಲಿಲ್ಲವಲ್ಲ!

ಚೀಟಿ ಮುಚ್ಚಿಸಿ, ಯಾವ ಪಂಜರ ಯಾವುದೆಂದು ತಿಳಿಯದವರ ಕೈಗೆ ನನ್ನನ್ನು ಕೊಟ್ಟು ಮತ್ತೆ ಅಳೆಸಿದಳು. ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಹಾಗೆಯೇ ಬರೆದಿಟ್ಟು ಅತ್ತಳು.

ಕ್ಯಾಮೆರಾ ಬಂದ ಮೇಲೆ ನಾನು ಯಾರಿಗೂ ಬೇಡವಾದೆ. ಅವಳು ನನ್ನನ್ನು ಮನೆಗೆ ಒಯ್ದಳು. ಡಾಕ್ಟರು ಅಪ್ಪನಿಗೆ ಹೊಸ ಮಾತ್ರೆ ಕೊಟ್ಟಿದ್ದರು, ಅದು ಹಿಡಿಯುತ್ತದೆಯೇ ಎಂದು ನೋಡಬೇಕಿತ್ತು. ದಿನಾ ನನ್ನನ್ನು ಒತ್ತಿ ಕೇಳುವಳು, "ಅಪ್ಪಾ, ನಾ ಯಾರು ಹೇಳು?" ಅವರು "ನೀಲವ್ವ" ಎನ್ನಲು ಮೊದಮೊದಲು ನಾಲ್ಕು ಸೆಕೆಂಡು, ಆಮೇಲೆ ಹನ್ನೊಂದು, ಆಮೇಲೆ ನಲವತ್ತು. ಇಂದಲ್ಲ ನಾಳೆ ಇವಳು, ಅವರು ಹೆಸರು ಹೇಳುವ ಮೊದಲೇ ಒತ್ತಿ ನನ್ನನ್ನು ನಿಲ್ಲಿಸಿಬಿಡುತ್ತಾಳೆ ಎಂದು ನಾನು ಕಣ್ಣಿಟ್ಟೇ ಇದ್ದೆ.

ಇವತ್ತು ಅವಳು ನನ್ನನ್ನು ಒತ್ತಿ ಕೇಳಿದಾಗ ಅಪ್ಪ ಅವಳ ಮುಖ ನೋಡಿದರು. "ಯಾರವ್ವಾ ನೀ? ಚಲೋ ಹುಡುಗಿ ಇದ್ದೀ," ಎಂದರು.

ಅವಳ ಬೆರಳು ನನ್ನ ನೆತ್ತಿಯ ಮೇಲೆಯೇ ಇತ್ತು. ಒತ್ತಲಿಲ್ಲ. ಓಡುತ್ತಿದ್ದ ನನ್ನನ್ನು ಹಾಗೆಯೇ ಕಪಾಟಿನ ಮೇಲಿಟ್ಟು ಅಪ್ಪನಿಗೆ ಚಹಾ ತರಲು ಹೋದಳು.

ಅವಳ ಬೆರಳಿನ ಮೇಲೆ ಅನುಮಾನಪಟ್ಟಿದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಕೀಲಿ ಇರುವವರೆಗೂ ನಾನು ಓಡುತ್ತೇನೆ. ಅವರಿನ್ನೂ ಹೆಸರು ಹೇಳಿಲ್ಲ.