ಫ್ರಿಜ್ಜಿನ ಮೇಲಿನ ಕೆರಿಬಿಯನ್

ನಮ್ಮ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಕೆರಿಬಿಯನ್ ಸಮುದ್ರದ ನಕ್ಷೆಯೊಂದನ್ನು ಅಂಟಿಸಿದ್ದೇವೆ. ಚಂಡಮಾರುತದ ಕಾಲ ಶುರುವಾಗುವ ಮುಂಚೆ ದಿನಸಿ ಅಂಗಡಿಯವರು ಪುಕ್ಕಟೆ ಕೊಡುವ ಕಾಗದ ಅದು. ಬಿರುಗಾಳಿ ಎಲ್ಲಿಗೆ ಬಂತೆಂದು ರೇಡಿಯೋದಲ್ಲಿ ಹೇಳಿದಂತೆಲ್ಲ ಅದರ ಚೌಕಗಳಲ್ಲಿ ಚುಕ್ಕೆ ಇಡುತ್ತ ಹೋಗಬೇಕು. ನಮ್ಮೂರು ಪಲಾಟ್ಕಾದಲ್ಲಿ ಇದಿಲ್ಲದ ಮನೆ ಕಡಿಮೆ.

ನಮ್ಮದರ ಮೇಲೆ ಮೂರು ದಾರಿಗಳಿವೆ. ಮೂರನ್ನೂ ಬರೆದವನು ನನ್ನ ಗಂಡ ಕ್ಲೇಟನ್. ಕೆಂಪು ಪೆನ್ಸಿಲಿನ ಗೆರೆ ಪಶ್ಚಿಮಕ್ಕೆ ಹೋಗುವ ಹಡಗು: ಕೊಜುಮೆಲ್, ಬೆಲೀಜ್, ರೊಅತಾನ್. ನೀಲಿ ಗೆರೆ ಪೂರ್ವಕ್ಕೆ ಹೋಗುವ ಹಡಗು: ಸೇಂಟ್ ಥಾಮಸ್, ಸ್ಯಾನ್ ಹ್ವಾನ್, ಮೂರು ದಿನ ಬರೀ ನೀರು. ಕಪ್ಪು ಚುಕ್ಕೆಗಳು ಕಳೆದ ಸೆಪ್ಟೆಂಬರಿನ ಬಿರುಗಾಳಿಯವು. ಕ್ಯೂಬಾ ದಾಟಿ ಕೊಲ್ಲಿಗೆ ಬಂದಲ್ಲಿಗೆ ಅವು ನಿಂತಿವೆ. ಅಷ್ಟು ಹೊತ್ತಿಗೆ ಕ್ಲೇಟನ್‌ಗೆ ಕೆಲಸದ ಕರೆ ಬಂತು.

ಅವನು ಲೈನ್‌ಮನ್. ಬಿರುಗಾಳಿ ಮುಗಿದ ಎರಡನೇ ದಿನ, ಕೊಲ್ಲಿಯ ದಂಡೆಯ ಒಂದು ಊರಿನಲ್ಲಿ, ಕರೆಂಟಿಲ್ಲ ಎಂದುಕೊಂಡು ತಂತಿಯನ್ನು ಹಿಡಿದ. ಹತ್ತಿರದ ಮನೆಯೊಂದರಲ್ಲಿ ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ಟಿಗೆ ಜನರೇಟರ್ ಸಿಕ್ಕಿಸಿದ್ದರು, ಮೇನ್ ಸ್ವಿಚ್ ಆರಿಸಿರಲಿಲ್ಲ. ಹಾಗೆ ಮಾಡಿದರೆ ಕರೆಂಟು ಮನೆಯಿಂದ ಕಂಬಕ್ಕೆ ಹಿಂದಕ್ಕೆ ಹರಿಯುತ್ತದೆ. ಅವನಿಗೆ ಮೂವತ್ತಾರು ವರ್ಷ.

ಕೆಂಪು ಗೆರೆಯ ಹಡಗಿನ ಟಿಕೆಟ್ಟನ್ನು ಅದಕ್ಕೂ ಮುಂಚೆ, ಆಗಸ್ಟಿನಲ್ಲಿ, ಅವನೇ ಕಾದಿರಿಸಿದ್ದ. ಈ ಜೂನಿಗೆ, ಮಕ್ಕಳ ರಜೆಗೆ. “ಹಾಯಾಗಿ ಬಿದ್ಕೊಳ್ಳೋಕೆ ಹಡಗು ಯಾಕೆ, ಮನೇಲಿ ಮಂಚ ಇಲ್ವಾ?” ಎನ್ನುತ್ತಿದ್ದ. ನಮ್ಮ ಮಕ್ಕಳು ಕೂತಲ್ಲಿ ಕೂರುವವರಲ್ಲ. ಹನ್ನೆರಡರ ಲ್ಯಾಂಡನ್ ಆಗ ಶಾಲೆಯ ಈಜು ತಂಡದಲ್ಲಿದ್ದ. ಏಳರ ಡೀಲಿಯಾ ಬಾಗಿಲಿನ ಚೌಕಟ್ಟಿಗೆ ಕೈಕಾಲು ಒತ್ತಿ ಮೇಲಕ್ಕೆ ಹತ್ತುತ್ತಾಳೆ. ಯಾವ ಬಂದರಿನಲ್ಲಿ ಎಷ್ಟು ಗಂಟೆ ನಿಲ್ಲುತ್ತದೆ, ಯಾವ ಆಟಕ್ಕೆ ಎಷ್ಟು ವಯಸ್ಸು ಬೇಕು, ಎಷ್ಟು ತೂಕ ಬೇಕು, ಎಲ್ಲವನ್ನೂ ಕ್ಲೇಟನ್ ನಕ್ಷೆಯ ಅಂಚಿನಲ್ಲಿ ಬರೆದಿದ್ದ. ರೊಅತಾನ್ ಕಾಡಿನ ಮೇಲೆ ತಂತಿಗೆ ನೇತುಬಿದ್ದು ಜಾರಲು ಐವತ್ತು ಪೌಂಡ್ ಇರಬೇಕು. ಪ್ರತಿ ಭಾನುವಾರ ಡೀಲಿಯಾಳನ್ನು ತೂಗಿ ಗುರುತು ಹಾಕುತ್ತಿದ್ದ. ನಲವತ್ತಮೂರು. ನಲವತ್ತನಾಲ್ಕು. ನಲವತ್ತಾರು. ಆಮೇಲಿನ ಅಂಕಿಗಳು ಡೀಲಿಯಾಳದೇ ಸೊಟ್ಟ ಕೈಬರಹ: ನಲವತ್ತೆಂಟು, ನಲವತ್ತೊಂಬತ್ತು. ನಾನು ಅವನ್ನು ನೋಡಿದ್ದೆ. ಅವಳನ್ನು ನೋಡಿರಲಿಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ ನಾಡೀನ್ ಫೋನ್ ಮಾಡಿದಳು. ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಉಳಿದ ಹೊತ್ತಿನಲ್ಲಿ ಮನೆಯಿಂದಲೇ ಹಡಗಿನ ಟಿಕೆಟ್ ಮಾಡಿಸುತ್ತಾಳೆ.

“ನಿನಗೆ ತೊಂದ್ರೆ ಕೊಡೋಕೆ ಮನಸ್ಸಿಲ್ಲ ಕಣೇ ಕೊರಿನ್. ಆದ್ರೆ ಬದಲಾಯಿಸೋದಿದ್ರೆ ಶುಕ್ರವಾರ ಸಂಜೆ ಐದರೊಳಗೆ ಹೇಳ್ಬೇಕಂತೆ. ಕೆಂಪೋ, ನೀಲೀನೋ?”

ಕ್ಲೇಟನ್ ಜೊತೆ ಮಾತಾಡಿ ಅವಳಿಗೂ ಬಣ್ಣಗಳೇ ರೂಢಿಯಾಗಿದ್ದವು.

“ನೀನಾಗಿದ್ರೆ ಯಾವುದು?”

“ನಾನಾ? ನಾನು ಕುರ್ಚಿ ಬಿಟ್ಟು ಏಳಲ್ಲ, ನನ್ನ ಕೇಳ್ಬೇಡ. ಕೆಂಪಿನಲ್ಲಿ ದಿನಾ ಮೈ ಬಗ್ಗಿಸ್ಬೇಕು. ಗುಹೆಯೊಳಗೆ ನದಿ, ಹವಳದ ದಂಡೆ, ಆ ತಂತಿ. ಎರಡು ಮಕ್ಕಳನ್ನ ಒಬ್ಳೇ ಕಟ್ಕೊಂಡು… ನೀಲಿ ಅಂದ್ರೆ ಯಾರೂ ಏನೂ ಅಂದ್ಕೊಳಲ್ಲ.”

ನೀಲಿಯನ್ನೇ ಹೇಳಬೇಕೆಂದಿದ್ದೆ. ಕೆಂಪನ್ನು ಬಿಟ್ಟರೆ ಡೀಲಿಯಾಳಿಗೆ ಅಪ್ಪ ಕೊಟ್ಟ ಮಾತು ಹೋಗುತ್ತದೆ. ಕೆಂಪನ್ನೇ ಆರಿಸಿಕೊಂಡರೆ ನಾನು ಅವಳನ್ನು ತಂತಿಗೆ ಕಟ್ಟಿ ಕಳಿಸಬೇಕು. ಲ್ಯಾಂಡನ್ ಮಾತ್ರ ಯಾವ ಹಡಗಿಗೂ ಬರುವುದಿಲ್ಲ ಎಂದಿದ್ದ. ಕಾರಣ ಹೇಳಿರಲಿಲ್ಲ. ನಾನು ಎರಡನೇ ಸಲ ಕೇಳಿರಲಿಲ್ಲ.

ಭಾನುವಾರ ಚರ್ಚ್ ಮುಗಿಸಿ ಅತ್ತೆ ಲೊರೇನ್ ಮನೆಯಲ್ಲಿ ಊಟ. ಲೊರೇನ್ ಕರಿದ ಮೀನು, ಜೋಳದ ಹಿಟ್ಟಿನ ಉಂಡೆ ಇಟ್ಟು, ಸಕ್ಕರೆ ಹಾಕಿದ ತಣ್ಣನೆ ಚಹಾ ಸುರಿದಳು. ಕೂತ ಮೇಲೆ ಕುರ್ಚಿಯ ಹಿಂದಿನಿಂದ ಒಂದು ಚೀಲ ತೆಗೆದಳು. ಮೂರು ನೀಲಿ ಅಂಗಿಗಳು. ಎದೆಯ ಮೇಲೆ ಮನೆತನದ ಹೆಸರು, ಬೆನ್ನ ಮೇಲೆ ಬಂದರುಗಳ ಪಟ್ಟಿ. ಸೇಂಟ್ ಥಾಮಸ್, ಸ್ಯಾನ್ ಹ್ವಾನ್.

“ಮೀಮಾ, ಇದು ನೀಲಿ ಹಡಗಿಂದು!” ಎಂದಳು ಡೀಲಿಯಾ, ಅಜ್ಜಿಯ ಕಡೆ ತಿರುಗಿ.

“ಹೌದು ಚಿನ್ನಾ. ಮರಳಲ್ಲಿ ಮನೆ ಕಟ್ಬೋದು.”

“ಮತ ಎಣಿಸೋ ಮೊದಲೇ ಮೆರವಣಿಗೆ ಹೊರಡಿಸ್ತಾಳೆ ನಿಮ್ಮ ಮೀಮಾ,” ಎಂದರು ಮಾವ ಡಾಯಲ್, ಮೀನಿನ ಮುಳ್ಳು ಬಿಡಿಸುತ್ತ.

“ನೀವು ಸುಮ್ನೆ ತಿನ್ರೀ.”

“ಅಪ್ಪ ಕೆಂಪು ಅಂದಿದ್ರು,” ಡೀಲಿಯಾ ಬಿಡಲಿಲ್ಲ. “ಐವತ್ತಾದ ದಿನ ನೀನೇ ಮೊದಲು ಹಾರೋದು ಅಂದಿದ್ರು. ನಾನೀಗ ನಲವತ್ತೊಂಬತ್ತು.”

“ನನ್ನ ಮೊಮ್ಮಗಳು ತಂತಿಗೆ ನೇತಾಡೋದು ಬೇಡ.” ಲೊರೇನ್ ಮೆಲ್ಲಗೆ ಹೇಳಿದಳು. “ಕೊರಿನ್, ನಾನು ನಿನ್ನ ಒಂದೇ ಒಂದು ಕೇಳ್ತಿರೋದು.”

ನಾನು ತಲೆಯಾಡಿಸಿದೆ. ಒಪ್ಪಿಕೊಂಡೆ ಎಂದು ಅವಳು ತಿಳಿದಳು. ಅಂಗಿಗಳನ್ನು ಮಡಚಿ ನನ್ನ ಪಕ್ಕದಲ್ಲಿಟ್ಟಳು.

“ನೆನಪಾಯ್ತು,” ಎಂದರು ಡಾಯಲ್. “ಆ ಜನರೇಟರ್ ವೈರು ನಿಮ್ಮನೇಲೇ ಇದೆಯಲ್ಲಾ? ಎರಡೂ ತುದಿಗೆ ಪ್ಲಗ್ ಇರೋದು. ಜೂನ್ ಬಂದ್ರೆ ಮತ್ತೆ ಗಾಳಿ ಶುರು.”

“ಡಾಯಲ್,” ಎಂದಳು ಲೊರೇನ್.

“ಏನು ಡಾಯಲ್? ನಾನು ಯಾವತ್ತೂ ಮೊದ್ಲು ಮೇನ್ ಆರಿಸಿಯೇ ಹಾಕೋದು. ಆ ದಡ್ಡ ಆರಿಸ್ಲಿಲ್ಲ. ತಪ್ಪು ವೈರಿಂದಲ್ಲ, ಮನುಷ್ಯಂದು.”

ಲ್ಯಾಂಡನ್ ತಟ್ಟೆ ಬಿಟ್ಟು ಎದ್ದು ಹೊರಗೆ ಹೋದ. ಕಾರಿನಲ್ಲಿ ಹೋಗಿ ಕೂತ. ನಾವು ಹೊರಡುವವರೆಗೂ ಅಲ್ಲೇ ಇದ್ದ.

ಆ ವೈರಿನ ವಿಷಯ ಇಷ್ಟು. ಬಿರುಗಾಳಿಯ ಮರುದಿನ ಪಲಾಟ್ಕಾದಲ್ಲೂ ಕರೆಂಟಿರಲಿಲ್ಲ. ಫ್ರೀಜರಿನಲ್ಲಿ ಜಿಂಕೆ ಮಾಂಸ ಕರಗುತ್ತಿತ್ತು. ಕ್ಲೇಟನ್ ಇರಲಿಲ್ಲ. ಇದ್ದಿದ್ದರೆ ಆ ವೈರನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಅಪ್ಪನ ಜೊತೆ ಎಷ್ಟೋ ಸಲ ಅದಕ್ಕೇ ಜಗಳವಾಡಿದ್ದ. ನಾನು ಡಾಯಲ್ ಹತ್ತಿರ ಹೋಗಿ ಕೇಳಿ ತಂದೆ. ಬಟ್ಟೆ ಒಗೆಯುವ ಕೋಣೆಗೆ ಕಿಟಕಿಯಿಲ್ಲ. ಹಾಡುಹಗಲಲ್ಲೇ ಲ್ಯಾಂಡನ್ ಟಾರ್ಚ್ ಹಿಡಿದ. ಒಣಗಿಸುವ ಯಂತ್ರವನ್ನು ಎಳೆದು ಅದರ ಹಿಂದಿನ ಸಾಕೆಟ್ಟಿಗೆ ವೈರು ಸಿಕ್ಕಿಸಿದೆ. ಜನರೇಟರ್ ಹಚ್ಚಿದೆ. ಫ್ಯಾನು ತಿರುಗಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಮೇನ್ ಸ್ವಿಚ್ ನೆನಪಾದದ್ದು ಎರಡು ಗಂಟೆಯ ಮೇಲೆ. ಓಡಿಹೋಗಿ ಆರಿಸಿದೆ. ಏನೂ ಆಗಲಿಲ್ಲ. ನಮ್ಮ ಲೈನಿನಲ್ಲಿ ಅಂದು ಯಾರೂ ಕೆಲಸ ಮಾಡುತ್ತಿರಲಿಲ್ಲ.

ಮಾರನೇ ದಿನ ಕ್ಲೇಟನ್ನನ ಕಂಪನಿಯ ಇಬ್ಬರು ನಮ್ಮ ಬಾಗಿಲಿಗೆ ಬಂದರು. ಹೇಗಾಯಿತೆಂದು ಹೇಳಿದಾಗ ನಾನು ಆ ಕೋಣೆಯ ಕಡೆ ನೋಡಿದೆ. ಯಾರಿಗೂ ಏನೂ ಹೇಳಲಿಲ್ಲ.

ಅತ್ತೆಯ ಮನೆಯ ಊಟವಾದ ಆ ವಾರದ ಗುರುವಾರ ಮಧ್ಯಾಹ್ನ ಬಟ್ಟೆ ಒಣಗಿಸುತ್ತಿದ್ದಾಗ ಯಂತ್ರದೊಳಗೆ ಕಲ್ಲು ಉರುಳಿದಂತೆ ಸದ್ದಾಯಿತು. ನಿಲ್ಲಿಸಿ ತೆಗೆದೆ. ಡೀಲಿಯಾಳ ಚಡ್ಡಿಯ ಜೇಬಿನಲ್ಲಿ ಸೀಸದ ಗುಂಡುಗಳು. ಗಾಳದ ದಾರ ಮುಳುಗಲೆಂದು ಕಟ್ಟುವಂಥವು, ಕ್ಲೇಟನ್ನನ ಗಾಳದ ಪೆಟ್ಟಿಗೆಯವು. ಒಂದೊಂದೇ ತೆಗೆದು ಯಂತ್ರದ ಮೇಲೆ ಇಟ್ಟೆ. ಹನ್ನೊಂದಿದ್ದವು.

ತಿರುಗಿ ನೋಡಿದರೆ, ತಂಗಿಗಿಂತ ಮೊದಲು ಶಾಲೆ ಮುಗಿಸಿ ಬಂದ ಲ್ಯಾಂಡನ್ ಬಾಗಿಲಲ್ಲಿ ನಿಂತಿದ್ದ. ಸೆಪ್ಟೆಂಬರಿನಿಂದ ಅವನು ಆ ಹೊಸಿಲಿನ ಹತ್ತಿರ ಬಂದದ್ದೇ ಇಲ್ಲ ಎಂದು ಆಗ ಹೊಳೆಯಿತು. ತನ್ನ ಬಟ್ಟೆಯನ್ನು ಹಜಾರದಲ್ಲೇ ಇಟ್ಟು ಹೋಗುತ್ತಿದ್ದ.

“ತೂಕದ ಮಷೀನ್ ಹತ್ತೋವಾಗ ಜೇಬಿಗೆ ಹಾಕ್ಕೋತಾಳೆ,” ಎಂದ. “ವಾರ ವಾರ ಜಾಸ್ತಿ ಮಾಡ್ತಾಳೆ.”

“ನಿನಗೆ ಗೊತ್ತಿತ್ತಾ?”

“ನೀನು ಕೇಳ್ಲಿಲ್ಲ.”

ಒಂದು ಗುಂಡನ್ನು ಬೆರಳಿನಿಂದ ಉರುಳಿಸಿದ. “ಅಮ್ಮಾ, ಅಜ್ಜಂಗೆ ಆ ವೈರ್ ಕೊಡ್ತೀಯಾ?”

“ಗೊತ್ತಿಲ್ಲ.”

“ಕೊಟ್ರೆ ಅವರಿಗೆ ಗೊತ್ತಾಗತ್ತೆ.”

“ಏನು ಗೊತ್ತಾಗತ್ತೆ?”

“ನಾವು ಅಂತ.”

ಅವನು ಯಂತ್ರದ ಹಿಂದಿನ ಸಾಕೆಟ್ಟಿನ ಕಡೆ ನೋಡಿದ.

“ನೀನು ದೊಡ್ಡ ಸ್ವಿಚ್ ಆರಿಸ್ಲಿಲ್ಲ. ನಾನು ಟಾರ್ಚ್ ಹಿಡಿದಿದ್ದೆ. ನಾನಾದ್ರೂ ಹೇಳ್ಬೋದಿತ್ತು, ಅಪ್ಪ ನಂಗೆ ಹೇಳ್ಕೊಟ್ಟಿದ್ರು. ಫ್ಯಾನ್ ಬೇಕಿತ್ತು, ಸುಮ್ನಾದೆ.” ಅವನ ಧ್ವನಿ ಏರಲಿಲ್ಲ, ಇಳಿಯಲಿಲ್ಲ. “ತಂತಿ ಎಲ್ಲಾ ಒಂದಕ್ಕೊಂದು ಸೇರಿರತ್ತೆ ಅಲ್ವಾ.”

ಆರು ತಿಂಗಳು. ಅವನಿಗೆ ಅಪ್ಪ ತೀರಿಕೊಂಡರು ಎಂದಿದ್ದೆ, ಜನರೇಟರ್ ಎಂದಿದ್ದೆ. ಎಲ್ಲಿ, ಯಾರ ಮನೆಯದು, ಯಾವ ದಿನ, ಒಂದನ್ನೂ ಹೇಳಿರಲಿಲ್ಲ. ನನಗೆ ಗೊತ್ತಿದ್ದದ್ದು ಅವನಿಗೂ ಗೊತ್ತಿದೆ ಎಂದುಕೊಂಡಿದ್ದೆ.

ಅವನ ಕೈ ಹಿಡಿದು ಅಡುಗೆಮನೆಗೆ ಕರೆತಂದೆ. ನಕ್ಷೆಯ ಮೇಲೆ ಬೆರಳಿಟ್ಟೆ.

“ಇಲ್ಲಿ ನಾವು. ಅಪ್ಪ ಇದ್ದಿದ್ದು ಇಲ್ಲಿ, ಕೊಲ್ಲಿ ಹತ್ರ. ನೂರು ಮೈಲಿಗೂ ಜಾಸ್ತಿ. ಅದು ಬೇರೆ ಲೈನು. ನಾವು ಹಚ್ಚಿದ್ದು ಬುಧವಾರ, ಸಂಜೆಗೇ ಆರಿಸಿದ್ವಿ. ಅಪ್ಪ ಹೋಗಿದ್ದು ಗುರುವಾರ ಬೆಳಿಗ್ಗೆ. ನಮ್ಮನೆ ಕರೆಂಟು ಅಲ್ಲಿಗೆ ಹೋಗೋಕೆ ಆಗಲ್ಲ.”

ಅವನು ಬಹಳ ಹೊತ್ತು ನೋಡಿದ. ಬೆರಳಿನಿಂದ ಚೌಕಗಳನ್ನು ಎಣಿಸಿದ.

“ಹಾಗಾದ್ರೆ ಬೇರೆ ಮನೆ.”

“ಬೇರೆ ಮನೆ.”

“ನಮ್ಮ ತರಾನೇ ಮಾಡಿದ್ರು.”

“ಹೂಂ. ನಮ್ಮ ತರಾನೇ.”

“ಅಲ್ಲೂ ಯಾರಾದ್ರೂ ಟಾರ್ಚ್ ಹಿಡಿದಿರ್ತಾರೆ,” ಎಂದ.

ಅವನು ಅತ್ತ. ನಾನು ಪಕ್ಕದಲ್ಲಿ ನಿಂತಿದ್ದೆ. ಅಳು ನನಗೆ ಬರಲಿಲ್ಲ, ಬಂದೀತು ಎಂದು ಕಾದೆ.

ಡೀಲಿಯಾ ಶಾಲೆಯಿಂದ ಬಂದ ಮೇಲೆ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಹನ್ನೊಂದು ಗುಂಡುಗಳನ್ನು ಅವಳ ಕಣ್ಣೆದುರೇ ಸಿಂಕಿನ ಅಂಚಿಗೆ ಇಟ್ಟಿದ್ದೆ. ಅವಳು ಅವನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

ನಲವತ್ತಾರು.

“ಇದು ಕೆಟ್ಟೋಗಿದೆ.”

“ಇಲ್ಲ.”

“ಅಪ್ಪ ಇದ್ದಿದ್ರೆ ಐವತ್ತು ಅಂತ ಬರೀತಿದ್ರು!”

“ಬರೀತಿರ್ಲಿಲ್ಲ. ನಿನಗೆ ಬೆಲ್ಟ್ ಕಟ್ಟೋರು ಅಲ್ಲಿ ಇನ್ನೊಂದ್ಸಲ ತೂಗ್ತಾರೆ. ಹಗುರ ಇದ್ರೆ ನಡು ದಾರೀಲಿ ನಿಂತೋಗ್ತೀಯಾ, ಕಾಡಿನ ಮೇಲೆ.”

“ನಿಲ್ತೀನಿ ಬಿಡು. ನೀನು ಹೇಗೂ ನೀಲಿಗೇ ಕಳಿಸ್ತೀಯ. ಮೀಮಾ ಅಂಗಿ ಕೊಟ್ಟಾಗ ತಲೆ ಆಡಿಸ್ದೆ.”

ನಕ್ಷೆಯ ಅಂಚಿನ ಸೊಟ್ಟ ಅಂಕಿಗಳನ್ನು ರಬ್ಬರಿನಲ್ಲಿ ಅಳಿಸಿ ನಲವತ್ತಾರು ಎಂದು ಬರೆದೆ. ಅದರ ಮೇಲೆ ಕ್ಲೇಟನ್ ಬರೆದ ನಲವತ್ತಾರು ಇತ್ತು. ನನ್ನ ಮನೆಯಲ್ಲಿ ಒಂದು ಮಗು ಆರು ತಿಂಗಳು ಬೆಳೆದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕ್ಲೇಟನ್ನನ ಕಟರ್ ತೆಗೆದು ಆ ವೈರನ್ನು ಎರಡು ತುಂಡು ಮಾಡಿದೆ. ತುಂಡುಗಳನ್ನು ಡಾಯಲ್ ಅವರ ಗ್ಯಾರೇಜಿಗೆ ಒಯ್ದು ಕೊಟ್ಟೆ. ನಾನು ಏನು ಮಾಡಿದೆ, ಲ್ಯಾಂಡನ್ ಏನೆಂದುಕೊಂಡಿದ್ದ, ಎಲ್ಲವನ್ನೂ ನಿಂತೇ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮೀನಿನ ಐಸ್ ಪೆಟ್ಟಿಗೆಯ ಮೇಲೆ ಕೂತರು.

“ಅದರ ಹಿಂದಿನ ವರ್ಷದ ಗಾಳೀಲಿ ನಾನೂ ಮರೆತಿದ್ದೆ,” ಎಂದರು. “ಕ್ಲೇಟನ್ನೇ ಬಂದು ಆರಿಸ್ದ. ಅಮ್ಮಂಗೆ ಹೇಳಲ್ಲ, ಆದ್ರೆ ಇನ್ನೊಂದ್ಸಲ ಹೀಗೆ ಮಾಡಿದ್ರೆ ನಿಮ್ಮನೆ ಹೊಸಿಲು ತುಳಿಯಲ್ಲ ಅಂದ.” ತುಂಡುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಪ್ಲಗ್ಗನ್ನು ತಿರುವಿ ನೋಡಿದರು. “ಲೊರೇನ್‌ಗೆ ಅಂಗಿ ವಿಷ್ಯ ನಾನು ಹೇಳ್ತೀನಿ. ನೀನು ಹೋಗು.”

ಯಾವ ಹಡಗು, ಯಾವ ಬಣ್ಣ ಎಂದು ನಾನಿನ್ನೂ ಹೇಳಿಯೇ ಇರಲಿಲ್ಲ.

ನಾಲ್ಕೂವರೆಗೆ ನಾಡೀನ್‌ಗೆ ಫೋನ್ ಮಾಡಿದೆ.

“ಕೆಂಪು.”

“ಯೋಚ್ನೆ ಮಾಡಿದ್ದೀಯ ತಾನೇ? ಡೀಲಿಯಾಗೆ ತೂಕ ಸಾಕಾ?”

“ಸಾಲ್ದು. ಜೂನ್ ಒಳಗೆ ಆದ್ರೆ ಹಾರ್ತಾಳೆ. ಆಗ್ದಿದ್ರೆ ಕೆಳಗೆ ನಿಲ್ತಾಳೆ. ಲ್ಯಾಂಡನ್ ಜೊತೇಲಿ ನಿಲ್ತೀನಿ ಅಂದಿದಾನೆ.”

“ಅವನೂ ಬರ್ತಾನಾ?”

“ಬರ್ತಾನೆ.”

ಅವಳು ಕಂಪ್ಯೂಟರಿನಲ್ಲಿ ಬರೆಯುವ ಸದ್ದು ಕೇಳಿತು. ನಿಂತಿತು.

“ಕೊರಿನ್, ಕ್ಲೇಟನ್ ಹೆಸ್ರು ತೆಗೀಬೇಕು. ಯಾಕೆ ಬರ್ತಿಲ್ಲ ಅಂತ ಕೇಳ್ತಿದೆ. ಪಟ್ಟೀಲಿ ಒಂದನ್ನ ಆರಿಸ್ಬೇಕು. ಅನಾರೋಗ್ಯ, ಕೆಲಸ, ಇತರೆ… ನಾನು ಇತರೆ ಅಂತ ಹಾಕ್ಲಾ?”

“ಕೆಲಸ ಅಂತ ಹಾಕು,” ಎಂದೆ.

ಅವಳು ಗುಂಡಿ ಒತ್ತಿದ ಸದ್ದು ಬಂತು.

ಫೋನ್ ಇಟ್ಟು ಬಂದಾಗ ಡೀಲಿಯಾ ಕಡಲೆಕಾಯಿ ಬೆಣ್ಣೆ ಸವರಿದ ಬ್ರೆಡ್ ಹಿಡಿದು ತೂಕದ ಯಂತ್ರದ ಮೇಲೆ ನಿಂತಿದ್ದಳು.

“ಕೈಲಿರೋದು ಲೆಕ್ಕಕ್ಕಿಲ್ಲ ಕಣೇ ಕಳ್ಳಿ,” ಲ್ಯಾಂಡನ್ ಹೇಳುತ್ತಿದ್ದ. “ತಿಂದು ಹತ್ತು.”