ಅಂಚಿನಲ್ಲಿ ನಿಂತ ಚಮಚ

ಗೋಡೆಯ ಮೇಲಿನ ಪುಟ್ಟ ಸ್ಪೀಕರಿನೊಳಗೆ ಮಕ್ಕಳು ಗಿಜಿಗುಡುತ್ತಿದ್ದಾರೆ, ನಾನೂರಾದರೂ ಇರಬೇಕು, ಶಾಲೆಯವರು ಬಸ್ಸುಗಟ್ಟಲೆ ತಂದು ಸುರಿದಿದ್ದಾರೆ, ಕಿತ್ತಳೆ ಸಿಪ್ಪೆಯ ವಾಸನೆ ಈ ಬಣ್ಣ ಹಚ್ಚುವ ಕೋಣೆಯ ತನಕ ಬರಲಾರದು, ಆದರೂ ಮೇವಿಸ್ ಪಿಲ್ಲಿಂಗ್‌ಳ ಮೂಗಿಗೆ ಬರುತ್ತಿದೆ, ಅರವತ್ತು ವರ್ಷದಿಂದ ಬರುತ್ತಲೇ ಇದೆ, ಮಧ್ಯಾಹ್ನದ ಆಟವೆಂದರೆ ಕಿತ್ತಳೆ, ಒದ್ದೆ ಉಣ್ಣೆಯ ಕೋಟು, ಪರದೆ ಏಳುವ ಹೊತ್ತಿಗೇ ಉಚ್ಚೆ ಬಂತೆಂದು ಅಳುವ ಒಂದು ಮಗು — ಮೋರ್ಕಂಬಿನ ಕಡಲ ದಂಡೆಯ ಈ ರಂಗಮಂದಿರದಲ್ಲಿ ಅವಳಿಗಿದು ಹನ್ನೊಂದನೆಯ ಕ್ರಿಸ್‌ಮಸ್ ನಾಟಕ, ಇವತ್ತು ಮೊದಲ ಆಟ, ಒಂದು ಕಾಲದಲ್ಲಿ ಕಿರೀಟ ಕಳೆದುಕೊಂಡ ರಾಜಕುಮಾರಿ ಅವಳೇ, ಈಗ ಎಪ್ಪತ್ತೊಂಬತ್ತಕ್ಕೆ ಬೆಳ್ಳಿಕೋಲಿನ ಕಿನ್ನರಿ, ಮಂಡಿನೋವಿನ ಕಿನ್ನರಿ ಈ ಪ್ರಪಂಚದಲ್ಲಿ ಇನ್ನೊಬ್ಬಳಿರಲಾರಳು. ಕಳೆದ ಕಿರೀಟ ಕೈಗೆ ಬಂತು, ಮುನಿದ ಮನಸು ಮನೆಗೆ ಬಂತು — ಆಮೇಲೆ? ಆಮೇಲೆ ಇನ್ನೊಂದು ಸಾಲಿದೆ, ನಾಟಕದ ಕಟ್ಟಕಡೆಯ ಸಾಲು, ಅದನ್ನು ಹೇಳಿ ಪರದೆ ಇಳಿಸಬೇಕಾದವಳು ಅವಳೇ, ಆ ಸಾಲು ಎಲ್ಲಿ ಹೋಯಿತೋ ಗೊತ್ತಾಗುತ್ತಿಲ್ಲ.

ಮಿಕ್ಕಿದ್ದೆಲ್ಲ ಇದೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬರುತ್ತದೆ, ಯಾಕೆಂದರೆ ಅವಳ ನೆನಪು ಇರುವುದು ತಲೆಯಲ್ಲಲ್ಲ, ಬಾಯಲ್ಲಿ, ನೂರು ಸಲ ಆಡಿದ್ದು ನಾಲಿಗೆಗೆ ಅಂಟಿಕೊಳ್ಳುತ್ತದೆ, ಆದರೆ ಈ ಒಂದು ಸಾಲನ್ನು ಅವಳು ಒಂದು ಸಲವೂ ಆಡಿಲ್ಲ, ಯಾರೂ ಆಡುವುದಿಲ್ಲ, ಕ್ರಿಸ್‌ಮಸ್ ನಾಟಕದ ಕೊನೆಯ ಸಾಲನ್ನು ಮೊದಲ ಆಟದ ತನಕ ಬಾಯಿ ಬಿಟ್ಟು ಹೇಳುವಂತಿಲ್ಲ, ಖಾಲಿ ಕುರ್ಚಿಗಳಿಗೆ ನಾಟಕ ಮುಗಿಸಿಕೊಟ್ಟರೆ ಆ ಕುರ್ಚಿ ಮತ್ತೆ ತುಂಬುವುದಿಲ್ಲವಂತೆ, ನಂಬದವರೂ ಪಾಲಿಸುತ್ತಾರೆ. ತಾಲೀಮಿನಲ್ಲಿ ಅದರ ಜಾಗಕ್ಕೆ ಏನಾದರೂ ಒಂದು ಹುಚ್ಚು ಸಾಲು ಹೇಳಿ ಮುಗಿಸುವುದು, ಅವಳದು ಯಾವಾಗಲೂ ಹಳೆಯ ಜೊತೆನಟ ರೆಗ್ ಕಟ್ಟಿಕೊಟ್ಟ ಅದೇ ಬಸ್ಸಿನ ಸಾಲು. ನಿರ್ದೇಶಕಿ ಟ್ಯಾಮ್‌ಸಿನ್, ಮೊಮ್ಮಗಳ ವಯಸ್ಸಿನವಳು, ಕುರ್ಚಿ ಎಳೆದುಕೊಂಡು ಹತ್ತಿರ ಕೂತು, ನಿಮ್ಗೆ ಕಷ್ಟ ಆದ್ರೆ ಕೊನೇ ಮಾತು ರಾಜಕುಮಾರಂಗೆ ಕೊಡ್ಬಹುದು ಮೇಡಂ, ಏನ್ ತೊಂದ್ರೆ ಇಲ್ಲ, ಅಂದಿದ್ದಳು. ಕೊಡಮ್ಮ, ಕೊಡು, ಜೊತೆಗೆ ನನ್ ರೆಕ್ಕೆನೂ ಬಿಚ್ಚಿ ಅವನಿಗೇ ಕೊಡು, ಅವನ ಬೆನ್ನಿಗೆ ಚೆನ್ನಾಗ್ ಒಪ್ಪತ್ತೆ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಅಪಶಕುನದ ಹೆಸರು ಹೇಳಿಕೊಂಡು ಐದು ವಾರ ಮರೆವನ್ನು ಬಚ್ಚಿಟ್ಟುಕೊಂಡಳು, ಬೇಸಿಗೆಯಿಂದ ಒಂದೊಂದೇ ಮಾತು ಜಾರುತ್ತಿದೆ, ನೀರು ಕಾಯಿಸುವ ಕೆಟಲ್ಲಿಗೆ ಏನನ್ನುತ್ತಾರೆಂದು ನೆನಪಾಗದೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಅತ್ತಿದ್ದಳು, ಅದನ್ನು ಯಾರಿಗೂ ಹೇಳಿಲ್ಲ.

ಕೈ ಕೊಡೇ, ಅನ್ನುತ್ತಾಳೆ ಜಾಯ್ಸ್. ನಲವತ್ತು ವರ್ಷದಿಂದ ಅವಳಿಗೆ ಉಡಿಸಿ ತೊಡಿಸುವ ಜಾಯ್ಸ್, ಹುಟ್ಟೂರು ಬರ್ನ್ಲಿಯಲ್ಲಿ ಎರಡು ಬೀದಿ ಆಚೆಯವಳು, ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡೇ ಮಾತಾಡುತ್ತಾಳೆ, ಮೊಳಕೈ ತನಕದ ಬಿಳಿ ಕೈಗವಸು, ಎಂಟೆಂಟು ಗುಂಡಿ, ಒಂದು, ಎರಡು — ಹಾಳಾದ ರೆಗ್ ಸಾಲು ಬಿಟ್ಟು ನಿಜವಾದ್ದು ನೆನಪಿದ್ಯಾ ನಿಂಗೆ? ನೆನಪಿದ್ರೂ ಈಗ ಹೇಳ್ಬಾರ್ದು ಕಣೆ, ನಿಂಗೊತ್ತಿಲ್ವಾ. ಹೂಂ, ಗೊತ್ತು ಗೊತ್ತು, ಅನ್ನುತ್ತಾಳೆ ಜಾಯ್ಸ್, ಗುಂಡಿಯಿಂದ ಕಣ್ಣು ತೆಗೆಯದೆ. ನೆನಪೇನು ಮಣ್ಣು, ಜಾಯ್ಸ್ ಚಹಾಕ್ಕೆ ಹೋದಾಗ ನಾಟಕದ ಪುಸ್ತಕ ನೋಡಿ, ಹುಬ್ಬಿನ ಕಪ್ಪು ಪೆನ್ಸಿಲಿನಲ್ಲಿ ಇಡೀ ಸಾಲನ್ನು ಎಡ ಅಂಗೈ ಮೇಲೆ ಬರೆದುಕೊಂಡಿದ್ದಾಳೆ, ಬರೆದ ಮರುಗಳಿಗೆ ಮರೆತದ್ದಾಯಿತು, ಆದರೆ ಅಂಗೈ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ, ಎಂಟನೆಯ ಗುಂಡಿಯೂ ಕೂತಿತು, ಆಗ ಹೊಳೆಯಿತು ಅವಳಿಗೆ, ಅಂಗೈ ಈಗ ಕೈಗವಸಿನೊಳಗೆ. ಥೂ ನನ್ನ ಬುದ್ಧಿಗಿಷ್ಟು, ಅರವತ್ತು ವರ್ಷ ವೇಷ ಹಾಕಿದವಳು ತನ್ನ ವೇಷವನ್ನೇ ಮರೆತಳು. ಏನಾಯ್ತೇ? ಏನಿಲ್ಲ, ಬಿಗಿ ಆಯ್ತು. ಬಿಚ್ಚಲಾ? ಬೇಡ ಬೇಡ. ಬಿಚ್ಚಿದರೆ ಜಾಯ್ಸ್ ಓದುತ್ತಾಳೆ, ಓದಿದರೆ ತಿಳಿಯುತ್ತದೆ, ತಿಳಿದರೆ ಮೇವಿಸ್ ತಾನೇ ಆಡಿದ ಮಾತನ್ನು ನಡೆಸಬೇಕಾಗುತ್ತದೆ, ರೆಗ್ ಸತ್ತ ವಾರ ಇದೇ ಕನ್ನಡಿ ಮುಂದೆ ಹೇಳಿದ್ದಳು, ನಾನು ಒಂದ್ ಮಾತು ಬೀಳಿಸಿದ ದಿನ ಬಣ್ಣ ಒರೆಸ್ಕೊಂಡು ಮನೆಗ್ ಹೋಗ್ತೀನಿ ಜಾಯ್ಸ್, ಯಾರೂ ನನ್ನ ಕೈ ಹಿಡಿದು ಇಳಿಸೋದು ಬೇಡ. ಮನೆಯಲ್ಲಿ ಯಾರಿದ್ದಾರೆ, ಬೆಕ್ಕಿದೆ, ಅದು ಯಾವುದಕ್ಕೂ ನಗುವುದಿಲ್ಲ.

ಅಮ್ಮ ನಗುತ್ತಿದ್ದಳು, ನೂಲಿನ ಗಿರಣಿಯ ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದೆ ಅಮ್ಮ, ಚಿಕ್ಕಮ್ಮಂದಿರು ಎಲ್ಲ ತುಟಿ ಅಗಲಿಸಿ ಹುಬ್ಬು ಕುಣಿಸಿ ಸದ್ದಿಲ್ಲದೆ ಮಾತಾಡುವುದನ್ನು ಕಲಿತಿದ್ದರು, ಮನೆಗೆ ಬಂದರೂ ಅದೇ ಚಾಳಿ, ಪಕ್ಕದ ಮನೆಯವಳ ಬಸಿರಿನ ಸುದ್ದಿಯನ್ನೆಲ್ಲ ಬರೀ ಮುಖದಲ್ಲೇ ಹೇಳುತ್ತಿದ್ದರು, ಊಟದ ಮೇಜಿನ ಕೆಳಗೆ ಕೂತು ಐದು ವರ್ಷದ ಮೇವಿಸ್ ಕದ್ದು ಕಲಿತದ್ದು ಅದನ್ನೇ, ವಿಮರ್ಶಕರು ಆಮೇಲೆ ಏನೇನೋ ಬರೆದರು, ಅಪೂರ್ವ ಮುಖಾಭಿನಯವಂತೆ, ಅಯ್ಯೋ ಸ್ವಾಮಿ ಅದು ನಮ್ಮಮ್ಮನ ಮುಖ. ಆ ಮುಖವೇ ಅವಳನ್ನು ಕಡಲ ದಂಡೆಯ ಬೇಸಿಗೆ ಆಟಗಳಿಗೆ ಕರೆದೊಯ್ದದ್ದು, ಅಲ್ಲಿ ರೆಗ್ ಟ್ಯಾಟರ್‌ಸಾಲ್, ಉದ್ದ ಮೂತಿ, ಸತ್ತ ಮನೆಗೆ ಬಂದವನ ಹಾಗೆ ನಿಂತಿರುತ್ತಿದ್ದ, ನೀನ್ ನಗಿಸು, ನಾನ್ ನಿಂತಿರ್ತೀನಿ, ಸಂಬಳ ಒಂದೇ ಇರ್ಲಿ. ಟಿವಿಯಲ್ಲಿ ಹದಿನಾಲ್ಕು ವರ್ಷ ಅವರಿಬ್ಬರು ಗಂಡಹೆಂಡತಿ, ನಿಜದಲ್ಲಿ ಅಲ್ಲ, ನಿಜದಲ್ಲಿ ಆಗಬಹುದಿತ್ತೇನೋ, ಯಾರೂ ಕೇಳಲಿಲ್ಲ, ಅವನೂ ಕೇಳಲಿಲ್ಲ, ಪೆದ್ದ. ಪ್ರತಿ ವಾರ ಅದೇ ಚಹಾ, ಅವಳು ಟ್ರೇ ಹಿಡಿದು ಬರುತ್ತಾಳೆ, ಮುಖದಲ್ಲಿ ಬೀದಿಯ ಸುದ್ದಿಯೆಲ್ಲ ಕುಣಿಯುತ್ತಿದೆ, ಸಾಸರಿನ ಮೇಲಿನ ಚಮಚ ಜಾರುತ್ತದೆ, ಅಂಚಿಗೆ ಬಂದು ಅರ್ಧ ಹೊರಗೆ ಚಾಚಿ ನಡುಗುತ್ತದೆ, ದೇಶವೆಲ್ಲ ಉಸಿರು ಹಿಡಿದಿದೆ, ಆಗ ರೆಗ್, ಓದುತ್ತಿದ್ದ ಪತ್ರಿಕೆಯಿಂದ ಕಣ್ಣೆತ್ತದೆ, ಸುಮ್ಮನೆ ಅಂಗೈ ಚಾಚುತ್ತಾನೆ, ಚಮಚ ಅದರೊಳಕ್ಕೆ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನೆಲಕ್ಕೆ ಬೀಳಲಿಲ್ಲ. ಅವಸರ ಮಾಡ್ಬೇಡ ಕಣೇ, ಅನ್ನುತ್ತಿದ್ದ, ಜನ ನಗೋಕ್ ಮುಂಚೆ ಒಂದ್ ಗಳಿಗೆ ಹೆದರ್ಬೇಕು.

ಕೊನೆಯ ವರ್ಷ ಅವನು ಆರೈಕೆ ಮನೆಯಲ್ಲಿ, ಕಿಟಕಿಯ ಪಕ್ಕ, ಕಂಬಳಿಯೊಳಗೆ, ಯಾರ್ ನೀವು ಅಂತ ಕೇಳಿದ ಅವಳನ್ನು, ಬಹಳ ಮರ್ಯಾದೆಯಿಂದ, ನೀವು ಅಂತ, ಅದೇ ಹೆಚ್ಚು ಕೊರೆದದ್ದು. ಅವಳು ಚಹಾ ತಂದಳು, ಚಮಚವನ್ನು ಬೆರಳಿನಿಂದ ಮೆಲ್ಲಗೆ ಅಂಚಿಗೆ ತಳ್ಳಿದಳು, ಅವನು ಕಿಟಕಿಯಾಚೆಯ ಕಡಲನ್ನೇ ನೋಡುತ್ತಿದ್ದ, ಕಣ್ಣು ತಿರುಗಿಸಲೇ ಇಲ್ಲ, ಕಂಬಳಿಯೊಳಗಿಂದ ಒಂದು ಅಂಗೈ ಹೊರಗೆ ಬಂತು, ಚುಕ್ಕೆ ಬಿದ್ದ ಅಂಗೈ, ಬಂದು ಸರಿಯಾದ ಜಾಗದಲ್ಲಿ ನಿಂತಿತು. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು ಅವತ್ತು, ಅವನಿಗೆ ಕೇಳಿಸಬಾರದೆಂದು.

ಆಟ ಶುರುವಾಗಿದೆ, ಅರ್ಧವೂ ಆಗಿದೆ, ಮಕ್ಕಳು ಕಿರುಚುತ್ತಿದ್ದಾರೆ, ಹಿಂದೆ ನೋಡು, ಹಿಂದೆ ನೋಡು ಅಂತ, ಅವಳ ನಾಲಿಗೆ ಸುಸೂತ್ರವಾಗಿ ಓಡುತ್ತಿದೆ, ಕೋಲು ಬೀಸಿದರೆ ಬೆಳಕು, ಮಂಡಿ ಹಿಡಿದುಕೊಂಡರೆ ನಗು, ಎಲ್ಲ ಚೆಂದ, ಎಷ್ಟು ಚೆಂದ ಈ ಕೆಲಸ, ಇದನ್ನು ಬಿಟ್ಟು ಬದುಕುವುದು ಹೇಗೆ ಎಂದು ಅವಳಿಗೆ ಯಾರೂ ಕಲಿಸಿಲ್ಲ — ಕಿರೀಟ ಸಿಕ್ಕಿತು, ಎಲ್ಲರೂ ಸಾಲಾಗಿ ನಿಂತರು, ಪಿಟೀಲಿನವರು ಕಮಾನೆತ್ತಿ ಕಾದರು, ಅವಳು ಮುಂದೆ ಬಂದಳು. ಕಳೆದ ಕಿರೀಟ ಕೈಗೆ ಬಂತು, ಮುನಿದ ಮನಸು ಮನೆಗೆ ಬಂತು. ಆಮೇಲೆ ಏನೂ ಇಲ್ಲ, ಬೋಳು ಗೋಡೆ. ಚಮಚ ಅಂಚಿಗೆ ಬಂದಿದೆ. ಅವಸರ ಮಾಡ್ಬೇಡ ಕಣೇ. ಅವಳು ನಿಧಾನವಾಗಿ ಎಡಗೈ ಎತ್ತುತ್ತಾಳೆ, ಒಂದು ಗುಂಡಿ, ಅಮ್ಮನ ಮುಖ ಮಾಡುತ್ತಾಳೆ, ಮಕ್ಕಳು ಕಿಸಕ್ಕೆನ್ನುತ್ತಾರೆ, ಎರಡು, ಮೂರು, ಎಂಟನೆಯದಕ್ಕೆ ನಗು ಸೂರಿಗೇರಿದೆ, ಹಲ್ಲಿನಿಂದ ಕೈಗವಸಿನ ಬೆರಳು ಕಚ್ಚಿ ಎಳೆದು ಕಿತ್ತಳು, ಅಂಗೈ ಬಿಚ್ಚಿ ನೋಡಿದಳು. ಬೆವರಿಗೆ ಎಲ್ಲ ಕಲಸಿಹೋಗಿದೆ, ಒಂದು ಅಕ್ಷರವೂ ಇಲ್ಲ, ಬರೀ ಮಸಿ. ನಾನೂರು ಮಕ್ಕಳು ತಣ್ಣಗಾದರು, ಒಂದು ಗಳಿಗೆ ಹೆದರಿದರು, ತಲೆಗೆ ಗೊತ್ತಿಲ್ಲದೆ ನಾಲಿಗೆ ತಾನಾಗಿ ಎದ್ದಿತು, ಐವತ್ತು ವರ್ಷ ಖಾಲಿ ಕುರ್ಚಿಗಳಿಗೆ ಹೇಳಿದ್ದನ್ನು ಹೇಳಿತು, ಮೀನು ಬೆಂತು, ಬಟಾಣಿ ಬೆಂತು, ಹತ್ತೊಂಬತ್ತನೇ ಬಸ್ಸು ಬಂತು.

ಸೂರು ಕಿತ್ತುಹೋಗುವಂಥ ನಗು, ರಾಜಕುಮಾರ ಹೊಟ್ಟೆ ಹಿಡಿದುಕೊಂಡಿದ್ದಾನೆ, ಟ್ಯಾಮ್‌ಸಿನ್ ಕತ್ತಲಲ್ಲಿ ಎದ್ದು ಚಪ್ಪಾಳೆ ತಟ್ಟುತ್ತಿದ್ದಾಳೆ, ಮುದುಕಿ ಬೇಕೆಂದೇ ಮಾಡಿದಳು, ಎಂಥ ಮುದುಕಿ, ಪರದೆ ಇಳಿಯುತ್ತಿದೆ, ಎಲ್ಲರಿಗೂ ಖುಷಿ, ಯಾರಿಗೂ ತಿಳಿಯಲಿಲ್ಲ, ನಾಳೆಯೂ ಬರಬಹುದು ಹಾಗಾದರೆ, ನಾಳೆಯೂ — ಅವಳು ಪಕ್ಕಕ್ಕೆ ತಿರುಗುತ್ತಾಳೆ, ರೆಕ್ಕೆ ತಾಗದಂತೆ, ಒಳಗಿನ ಕತ್ತಲಿಗೆ, ಅಲ್ಲಿ ಜಾಯ್ಸ್ ನಿಂತಿದ್ದಾಳೆ, ಜಾಯ್ಸ್ ನಗುತ್ತಿಲ್ಲ, ನಲವತ್ತು ವರ್ಷ ಆ ಬಸ್ಸಿನ ಸಾಲನ್ನು ತಾಲೀಮಿನಲ್ಲಿ ಮಾತ್ರ ಕೇಳಿದವಳು, ನೋಡಿಬಿಟ್ಟಿದ್ದಾಳೆ, ಮಸಿಯನ್ನೂ ನೋಡಿದ್ದಾಳೆ, ಆಡಿದ ಮಾತು ಆಡಿದ್ದೇ, ಇವತ್ತಿಗೆ ಮುಗಿಯಿತು ಮೇವಿಸ್, ಆದರೆ ಜಾಯ್ಸ್ ಅವಳ ಮುಖವನ್ನು ನೋಡುವುದಿಲ್ಲ, ಬಾಯಲ್ಲಿ ಪಿನ್ನು, ಕಣ್ಣು ಬೇರೆಲ್ಲೋ, ಕಳಚಿದ ಕೈಗವಸು ಇಸಿದುಕೊಳ್ಳಲು ಸುಮ್ಮನೆ ಮುಂದೆ ಚಾಚಿದ್ದಾಳೆ, ಅಂಚಿನ ಕೆಳಗೆ, ಸರಿಯಾದ ಜಾಗದಲ್ಲಿ, ಒಂದು ಅಂಗೈ.